ನಾಲ್ಕು ಗಾಲಿಯ ಸವತಿ

ನನಗೆ ಸವತಿ ಬಂದದ್ದು ಅರವತ್ತು ದಾಟಿದ ಮೇಲೆ. ಟೆಂಪೋದಲ್ಲಿ, ದೊಡ್ಡ ರಟ್ಟಿನ ಡಬ್ಬಿಯೊಳಗೆ ಕೂತು ಬಂದಳು. ಕೆಂಪು ಬಣ್ಣ, ನಾಲ್ಕು ಗಾಲಿ, ಮುಂದೊಂದು ಬುಟ್ಟಿ, ಮೆತ್ತನೆಯ ಕರಿ ಸೀಟು. ಬ್ಯಾಟರಿಯ ಮೇಲೆ ಓಡುವ ಈ ಗಾಡಿಗೆ ಮೊಬಿಲಿಟಿ ಸ್ಕೂಟರ್ ಎನ್ನುತ್ತಾರೆ. ನಡೆಯಲಾಗದವರು ಇದರ ಮೇಲೆ ಕೂತು ತಾವೇ ಓಡಾಡಬಹುದು. ತಂದುಕೊಟ್ಟವಳು ನನ್ನ ಹೊಟ್ಟೆಯಲ್ಲೇ ಹುಟ್ಟಿದ ಮಗಳು. ಬೇರೆ ಯಾರಾದರೂ ಈ ಕೆಲಸ ಮಾಡಿದ್ದರೆ ಅವರ ಜೊತೆ ಮಾತು ಬಿಡುತ್ತಿದ್ದೆ.

ಹಿಂದಿನದನ್ನು ಸ್ವಲ್ಪ ಹೇಳಬೇಕು. ನನ್ನ ಗಂಡ ಧಾರವಾಡದ ಕಡೆಯವರು, ನಾನು ವಿಜಯಪುರದವಳು. ಮದುವೆಯಾಗಿ ಮುಂಬಯಿಗೆ ಬಂದ ದಿನದಿಂದ ಅವರು ನನ್ನವರಾಗಿರಲಿಲ್ಲ, ಲೋಕಲ್ ಟ್ರೇನಿನವರಾಗಿದ್ದರು. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಕಾಂದಿವಲಿ ಸ್ಟೇಷನ್ನಿಗೆ ಓಡಿದರೆ, ಬಾಂದ್ರಾದ ಆಫೀಸು ಮುಗಿಸಿ ಬರುವಷ್ಟರಲ್ಲಿ ಬಾಯಿ ತೆರೆಯುವ ತ್ರಾಣ ಉಳಿದಿರುತ್ತಿರಲಿಲ್ಲ. ಭಾನುವಾರ ಮಾಟುಂಗಾದಲ್ಲಿ ಕನ್ನಡದವರ ಕಾರ್ಯಕ್ರಮ. ಅಲ್ಲಿ ಕಂಡಕಂಡವರ ಜೊತೆ ಹರಟೆ ಹೊಡೆದು, ಮನೆಗೆ ಬಂದು ಮಲಗಿಬಿಡುತ್ತಿದ್ದರು. ನಿವೃತ್ತರಾದ ಮೇಲಾದರೂ ನನ್ನ ಪಾಲಿಗೆ ಸಿಗುತ್ತಾರೆ ಎಂದು ಕಾದೆ. ನಿವೃತ್ತರಾದ ವರ್ಷವೇ ಲಕ್ವಾ ಹೊಡೆಯಿತು. ಎಡಗಾಲಿನ ಶಕ್ತಿ ಹೋಯಿತು. ಗೋಡೆ ಹಿಡಿದು ಬಾತ್‌ರೂಮಿಗೆ ಹೋಗುವಷ್ಟು ಮಾತ್ರ ಉಳಿಯಿತು.

ಆಮೇಲೆ ಗಾಲಿಕುರ್ಚಿ ಬಂತು. ದಿನಾ ಸಂಜೆ ಅವರನ್ನು ಕೂರಿಸಿಕೊಂಡು ನಮ್ಮ ಬಿಲ್ಡಿಂಗಿನಿಂದ ಗಾರ್ಡನ್ನಿನ ತನಕ ದಬ್ಬಿಕೊಂಡು ಹೋಗುತ್ತಿದ್ದೆ. ಹೋಗಿ ಬರಲು ಒಂದು ತಾಸು. ನನ್ನ ಮೊಣಕಾಲು ನೋವು ನನಗೆ, ರಸ್ತೆ ಸದಾ ಅಗೆದದ್ದು, ಅದರ ಮೇಲೆ ರಿಕ್ಷಾಗಳ ಕಾಟ. ಆದರೂ ಆ ಒಂದು ತಾಸಿಗಾಗಿ ಬೆಳಗಿನಿಂದ ಕಾಯುತ್ತಿದ್ದೆ. ಯಾಕೆಂದರೆ ಆಗ ಅವರು ನನ್ನನ್ನು ಬಿಟ್ಟು ಎಲ್ಲಿಗೂ ಓಡುವಂತಿರಲಿಲ್ಲ. ಅವರ ಬೋಳುತಲೆ ನೋಡುತ್ತ, ಹಿಂದಿನಿಂದ ಮಾತಾಡುತ್ತಿದ್ದೆ. ಎಷ್ಟೋ ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಒಂದೊಂದಾಗಿ ಹೊರಗೆ ಹಾಕಿದೆ. ಅವರು ನಡುನಡುವೆ 'ಹೂಂ' ಎನ್ನುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು. ನಮ್ಮ ಸಂಸಾರ ಸ್ವಲ್ಪ ತಡವಾಗಿ ಶುರುವಾಯಿತು, ಅಷ್ಟೇ, ಎಂದುಕೊಂಡಿದ್ದೆ.

ಆ ತಾಸನ್ನೇ ಈ ಕೆಂಪು ಗಾಡಿ ನನ್ನಿಂದ ಕಿತ್ತುಕೊಂಡಿತು.

ಗಾಡಿ ಓಡಿಸುವುದನ್ನು ಕಲಿಸಲು ಅಂಗಡಿಯವನೊಬ್ಬ ಬಂದಿದ್ದ. ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಇವರನ್ನು ಸೀಟಿನ ಮೇಲೆ ಕೂರಿಸಿ ಹಿಂದಿಯಲ್ಲಿ ಪಾಠ ಶುರು ಮಾಡಿದ. ಹ್ಯಾಂಡಲ್ಲಿನ ಬಲಗಡೆಯ ಲಿವರ್ ಒತ್ತಿದರೆ ಗಾಡಿ ಮುಂದೆ ಹೋಗುತ್ತದೆ, ಬಿಟ್ಟರೆ ತಾನೇ ನಿಲ್ಲುತ್ತದೆ. ವೇಗದ ಗುಂಡಿಯ ಒಂದು ಕಡೆ ಆಮೆಯ ಚಿತ್ರ, ಇನ್ನೊಂದು ಕಡೆ ಮೊಲದ್ದು. ತಿರುವು ಬಂದರೆ ಆಮೆಯ ಕಡೆಗೇ ಇರಬೇಕು. ಇಳಿಜಾರಿನಲ್ಲಿ ನೇರ ಹೋಗಬೇಕು, ಓರೆಯಾಗಿ ಹೋದರೆ ಪಲ್ಟಿ. ಹಿಂದೆ ಒಂದು ಹಳದಿ ಹಿಡಿಕೆ ಇದೆ. ಅದನ್ನು ಸಡಿಲಿಸಿದರೆ ಗಾಡಿಯನ್ನು ಕೈಯಿಂದ ದಬ್ಬಬಹುದು, ಆದರೆ ಆಗ ಬ್ರೇಕ್ ಹಿಡಿಯುವುದಿಲ್ಲ, ಕೂತಾಗ ಅದನ್ನು ಮುಟ್ಟಲೇಬಾರದು. ನೀರು ಸುರಿದು ತೊಳೆಯಬಾರದು. ಏನೇ ಎಡವಟ್ಟಾದರೂ ಮೊದಲು ಕೀ ಬಂದ್ ಮಾಡಬೇಕು.

ಇವರು ಪುರಾಣ ಕೇಳುವವರಂತೆ ತಲೆಯಾಡಿಸುತ್ತ ಕೇಳಿದರು. ನಾನು ಕಂಬದ ಮರೆಯಲ್ಲಿ ನಿಂತು ಅವರಿಗಿಂತ ಚೆನ್ನಾಗಿ ಕೇಳಿಸಿಕೊಂಡೆ. ಸವತಿ ಏನು ಉಣ್ಣುತ್ತಾಳೆ, ಯಾವುದಕ್ಕೆ ಮುನಿಯುತ್ತಾಳೆ ಎಂದು ತಿಳಿದುಕೊಳ್ಳದ ಹೆಂಗಸು ಇದ್ದಾಳೆಯೇ?

ಮರುದಿನದಿಂದ ಮನೆಯಲ್ಲಿ ಅವಳದೇ ದರ್ಬಾರು. ಎದ್ದ ಕೂಡಲೇ ಚಾರ್ಜರಿನ ದೀಪ ಹಸಿರಾಗಿದೆಯೇ ಎಂದು ನೋಡಬೇಕು, ಆಮೇಲೆ ಚಹಾ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡಬೇಕು, ಆಮೇಲೆ ಅವಲಕ್ಕಿ. ಒರೆಸಲು ಮೆತ್ತನೆಯ ಬಟ್ಟೆ ಬೇಕೆಂದು ನನ್ನ ಹಳೆಯ ಇಳಕಲ್ ಸೀರೆಯನ್ನೇ ಹರಿದರು. ನನ್ನ ಮೊಣಕಾಲಿಗೆ ಒಂದು ದಿನ ಎಣ್ಣೆ ಹಚ್ಚಿದ ಮನುಷ್ಯನಲ್ಲ, ಅದರ ಬುಟ್ಟಿಯ ಸರಳುಗಳ ಸಂದಿಯಲ್ಲಿ ಬೆರಳು ತೂರಿಸಿ ಧೂಳು ತೆಗೆಯುತ್ತಿದ್ದರು.

"ಅದಕ್ಕೊಂದು ಮುತ್ತೂ ಕೊಟ್ಟು ಬಿಡ್ರಿ," ಎಂದೆ.

"ಕೊಡಾಂವನ ಇದ್ದೆ, ನೀ ಬಂದು ನಿಂತಿ," ಎಂದರು.

ನನಗೆ ನಗು ಬರಲಿಲ್ಲ. ಸಂಜೆ ಅವರು ಗಾಡಿ ಏರಿ ಮೊಲದ ಕಡೆ ಗುಂಡಿ ತಿರುಗಿಸಿ ಹೊರಟುಬಿಡುತ್ತಿದ್ದರು. ನಾನು ಕುಂಟುತ್ತ ಹಿಂದೆ ಹೋಗಿ ಗಾರ್ಡನ್ ಮುಟ್ಟುವಷ್ಟರಲ್ಲಿ ಸುತ್ತ ಜನ ಸೇರಿರುತ್ತಿತ್ತು. ನಮ್ಮ ಎರಡನೇ ಮಾಳಿಗೆಯ ಮರಾಠಿ ಹೆಂಗಸು, ಗಾಲಿಕುರ್ಚಿಯ ಕಡೆ ಒಂದು ದಿನವೂ ತಿರುಗಿ ನೋಡದವಳು, ಈಗ "ಕಾಯ್ ಮಸ್ತ್ ಗಾಡೀ ಆಹೇ, ಕಾಕಾ" ಎಂದು ಗಾಡಿಯನ್ನು ಹೊಗಳುತ್ತ ಹ್ಯಾಂಡಲ್ ಸವರುತ್ತಿದ್ದಳು. ಕಾಕಾ ಮೀಸೆಯಲ್ಲೇ ನಗುತ್ತಿದ್ದರು. ನಾನು ಆ ಕೈಯನ್ನೇ ನೋಡುತ್ತ ನಿಲ್ಲುತ್ತಿದ್ದೆ.

ಒಂದು ಸಂಜೆ ಬೇಕೆಂತಲೇ, "ಇವತ್ತ ನಾ ಬರೂದಿಲ್ಲ," ಎಂದೆ. ಯಾಕೆ ಎಂದು ಕೇಳುತ್ತಾರೆ, ಒಂದಿಷ್ಟು ರಮಿಸುತ್ತಾರೆ ಎಂಬ ಆಸೆ.

"ಆತು, ನೀ ಆರಾಮ ಮಾಡು," ಎಂದು ಕೀ ತಿರುಗಿಸಿಕೊಂಡು ಹೋಗಿಯೇಬಿಟ್ಟರು. ಅಂದಿನಿಂದ ನಾನು ಹೋಗುವುದನ್ನೇ ಬಿಟ್ಟೆ. ಅವರು ಒಂದು ದಿನವೂ ಕರೆಯಲಿಲ್ಲ.

ಹೀಗಿರುವಾಗ ಖಂಡೇನವಮಿ, ಅಂದರೆ ದಸರೆಯ ಆಯುಧಪೂಜೆ, ಬಂತು. ನಮ್ಮ ಕಡೆ ಅಂದು ಮನೆಯ ಈಳಿಗೆ, ಕತ್ತರಿಯಿಂದ ಹಿಡಿದು ಗಾಡಿಯ ತನಕ ಎಲ್ಲದಕ್ಕೂ ಪೂಜೆ. ಮನೆಯ ಹೆಣ್ಣುಮಗಳೇ ಆರತಿ ಎತ್ತಬೇಕು. ಅಂದರೆ ನಾನು ಕೈಯಾರೆ ಸವತಿಗೆ ಅರಿಷಿಣ ಕುಂಕುಮ ಹಚ್ಚಬೇಕು. ಕಾಂಪೌಂಡಿನಲ್ಲಿ ನಿಲ್ಲಿಸಿದ್ದ ಗಾಡಿಗೆ ಹಲ್ಲು ಕಚ್ಚಿಕೊಂಡು ಹಚ್ಚಿದೆ. ಇವರು ಮಾತ್ರ ಹೊಸ ಧೋತರ ಉಟ್ಟು, ಸ್ಟೇಷನ್ ಮಾರ್ಕೆಟ್ಟಿನಿಂದ ಮಾರುದ್ದದ ಚೆಂಡುಹೂವಿನ ಹಾರ ತರಿಸಿದ್ದರು. ಅದನ್ನು ಹ್ಯಾಂಡಲ್ಲಿಗೆ ಒಂದು ಸುತ್ತು ಹಾಕಿದರು. ಮನಸ್ಸು ತುಂಬಲಿಲ್ಲ, ಇನ್ನೊಂದು ಸುತ್ತು ಹಾಕಿ ಬಿಗಿದು ಗಂಟು ಹೊಡೆದರು. ನನ್ನ ಮದುವೆಯಲ್ಲಿ ನನಗೆ ಹಾಕಿದ ಹಾರ ಅದರ ಅರ್ಧವೂ ಇರಲಿಲ್ಲ.

"ಲಿಂಬಿಹಣ್ಣು ಗಾಲಿ ತಳಗ ಇಡು. ಇಟ್ಟು ನೀ ದೂರ ನಿಂದರು," ಎಂದರು.

ಇಟ್ಟೆ. ಅವರು ಕೂತು ದೇವರಿಗೆ ಕೈಮುಗಿದು ಲಿವರ್ ಒತ್ತಿದರು. ಲಿಂಬೆಹಣ್ಣು ಪಚಕ್ಕೆಂದವು. ಅಲ್ಲಿಗೆ ನಿಲ್ಲಬೇಕಾಗಿದ್ದ ಗಾಡಿ ನಿಲ್ಲಲಿಲ್ಲ. ಹಾರದ ನೈಲಾನ್ ದಾರ ಲಿವರಿಗೆ ಸುತ್ತಿಕೊಂಡು ಅದನ್ನು ಒತ್ತಿದಲ್ಲೇ ಹಿಡಿದುಬಿಟ್ಟಿತ್ತು. ಇವರು ಎರಡೂ ಕೈ ಮೇಲೆತ್ತಿದರು, ಆದರೂ ಗಾಡಿ ಕಾಂಪೌಂಡಿನ ಇಳಿಜಾರು ಇಳಿದು ಗೇಟಿನ ಕಡೆ ಹೊರಟಿತು. ಗೇಟು ತೆರೆದಿತ್ತು. ಆಚೆ ರಸ್ತೆಯಲ್ಲಿ ಬಸ್ಸು, ರಿಕ್ಷಾ.

"ಏ, ಹಿಡೀ... ಇದನ್ನ ಹಿಡೀ," ಎಂದು ಕೂಗಿದರು. ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಅವರ ತಲೆಯಿಂದ ಹಾರಿಹೋಗಿತ್ತು.

ನನ್ನ ತಲೆಯಿಂದ ಹಾರಿರಲಿಲ್ಲ. ಮೊಣಕಾಲು ಇದ್ದದ್ದೇ ಮರೆತು ಓಡಿದೆ. ಹೂವಿನೊಳಗೆ ಕೈ ತೂರಿಸಿ ಕೀ ಹುಡುಕಿ ತಿರುಗಿಸಿದೆ. ಗಾಡಿ ಗೇಟಿನ ಹೊಸ್ತಿಲ ಮೇಲೆ ಗಕ್ಕನೆ ನಿಂತಿತು. ಇವರು ಮುಂದಕ್ಕೆ ಮುಗ್ಗರಿಸಿ, ಹ್ಯಾಂಡಲ್ ಹಿಡಿದುಕೊಂಡು ಉಳಿದರು.

ಸುದ್ದಿ ಕೇಳಿ ಮಗಳು ಮಧ್ಯಾಹ್ನವೇ ಓಡಿಬಂದಳು. ಅವಳ ಕನ್ನಡ ಮುಂಬಯಿಯದು. "ಮಮ್ಮಿ, ಇದನ್ನ ವಾಪಸ್ ಕೊಡೋಣ ಕ್ಯಾ? ಪಪ್ಪಾ ರೋಡ್ ಮೇಲೆ ಬಿದ್ದುಹೋಗಿದ್ರೆ ತೋ?"

"ನಿಮ್ಮವ್ವನ್ನ ಕೇಳು," ಎಂದರು ಇವರು, ನೆಲ ನೋಡುತ್ತ.

ಮೇಲೆ ಚಿಂತೆಯ ಮುಖ ಮಾಡಿ, "ಕೊಡೂದ ಚಲೋ," ಎಂದೆ. ಒಳಗೊಳಗೇ ಹೋಳಿಗೆ ತಿಂದಷ್ಟು ಖುಷಿಯಾಗಿತ್ತು. ಮೂಲೆಯಲ್ಲಿದ್ದ ಗಾಲಿಕುರ್ಚಿಯನ್ನು ಅಂದೇ ಸಂಜೆ ಒರೆಸಿ ಹೊರಗೆ ತಂದೆ.

ದಾರಿಯುದ್ದಕ್ಕೂ ಮಾತಾಡಿದೆ. ಇಷ್ಟು ದಿನ ಕೂಡಿಟ್ಟ ಮಾತು ಬಹಳವಿತ್ತು. ಅವರು ಹೂಂ ಕೂಡ ಅನ್ನಲಿಲ್ಲ. ಗಾರ್ಡನ್ನಿನ ಹತ್ತಿರ ಬಂದಾಗ ಬಗ್ಗಿ ಕಿವಿಯ ಹತ್ತಿರ ಕೇಳಿದೆ, "ಯಾಕ್ರಿ, ಸಿಟ್ಟ ಬಂದೈತೇನು? ಮಾತಾಡವಲ್ರಿ?"

"ಏನಂದಿ? ಹಿಂದ ನಿಂತು ಮಾತಾಡಿದ್ರ ನನಗ ಕೇಳ್ಸಂಗಿಲ್ಲ. ಈ ರಿಕ್ಷಾ ಗದ್ದಲದಾಗ ಎಂದೂ ಕೇಳ್ಸಿಲ್ಲ."

"ಮತ್ತ ಹೂಂ ಅಂತಿದ್ರಲ್ಲ?"

"ಬರೇ ಗುಣುಗುಣು ಅನ್ನೂದು ಕೇಳ್ತಿತ್ತು, ನೀ ಸುಮ್ಮನಾದಾಗ ಒಮ್ಮೆ ಹೂಂ ಅಂತಿದ್ದೆ. ನಿನಗ ಸಮಾಧಾನ ಆಗ್ಲಿ ಅಂತ."

ಒಂದು ವಿಷಯ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಮಾಟುಂಗಾದ ಒಂದು ಕನ್ನಡ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತ್ತು. ತಮ್ಮ ಊಟದ ಡಬ್ಬಿ ಯಾರು ಕಟ್ಟುತ್ತಾರೆ ಎಂದು ಇವರು ಬೇಡವೆಂದಿದ್ದರು. ಆ ಸಿಟ್ಟನ್ನು ಇಡೀ ಆಯುಷ್ಯ ಹೊತ್ತು, ಒಂದು ಸಂಜೆ ಇದೇ ಕುರ್ಚಿ ದಬ್ಬುತ್ತ, ಒಂದನ್ನೂ ಬಿಡದೆ ಹೇಳಿ ಮುಗಿಸಿದ್ದೆ. ಅವರು 'ಹೂಂ' ಅಂದಿದ್ದರು. ತಪ್ಪು ಒಪ್ಪಿಕೊಂಡರು ಎಂದು ತಿಳಿದು ಅಂದೇ ಎಲ್ಲವನ್ನೂ ಮನ್ನಿಸಿಬಿಟ್ಟಿದ್ದೆ.

"ಮಾಟುಂಗಾದ ಸಾಲಿ ಕೆಲಸದ ಮಾತು ಹೇಳಿದ್ನಲ್ಲ, ಅದಾದ್ರೂ ಕೇಳ್ಸಿತ್ತೊ ಇಲ್ಲೊ?"

"ಯಾವ ಸಾಲಿ?" ಎಂದರು.

ಕುರ್ಚಿಯನ್ನು ತಿರುಗಿಸಿ ಮನೆಗೆ ಬಂದೆ. ಸವತಿ ಕದ್ದಳು ಎಂದು ನಾನು ಹಲುಬಿದ ಆ ಒಂದು ತಾಸು ನನ್ನ ಹತ್ತಿರ ಯಾವತ್ತೂ ಇರಲೇ ಇಲ್ಲ.

ಮರುದಿನ ಮಗಳಿಗೆ ಫೋನ್ ಮಾಡಿ, ಗಾಡಿ ಇರಲಿ ಎಂದೆ. ಹಾರವನ್ನೂ ದಾರದ ಚೂರುಗಳನ್ನೂ ನಾನೇ ಬಿಡಿಸಿ ತೆಗೆದೆ. ಇನ್ನು ಮುಂದೆ ಹೂವು ಬುಟ್ಟಿಯೊಳಗೆ ಮಾತ್ರ, ಹ್ಯಾಂಡಲ್ಲಿಗೆ ಏನೂ ಕಟ್ಟುವಂತಿಲ್ಲ ಎಂದು ಅವರಿಗೆ ಕಟ್ಟುನಿಟ್ಟಾಗಿ ಹೇಳಿದೆ. ಸಂಜೆ ವೇಗದ ಗುಂಡಿಯನ್ನು ಆಮೆಗೆ ತಿರುಗಿಸಿ, ಅವರು ಗಾಡಿಯ ಮೇಲೆ, ನಾನು ಪಕ್ಕದಲ್ಲೇ ನಡೆಯುತ್ತ ಗಾರ್ಡನ್ನಿಗೆ ಹೋದೆವು. ನಾನು ಬೆಂಚಿನ ಮೇಲೆ ಕೂತೆ. ಅವರು ಕೀ ಬಂದ್ ಮಾಡಿ, ಸೀಟಿನ ಕೆಳಗಿನ ಒಂದು ಹಿಡಿಕೆ ಎಳೆದರು. ಇಳಿಯಲು ಅನುಕೂಲವಾಗಲಿ ಎಂದು ಆ ಗಾಡಿಯ ಸೀಟು ಪಕ್ಕಕ್ಕೆ ತಿರುಗುತ್ತದೆ. ತಿರುಗಿತು, ಕಟ್ ಎಂದು ನನ್ನ ಎದುರಿಗೆ ಬಂದು ನಿಂತಿತು.

"ಈಗ ಹೇಳು. ಯಾವ ಸಾಲಿ?" ಎಂದರು.

ಹೇಳಿದೆ. ನನ್ನ ಮುಖದ ಮೇಲಿಂದ ಕಣ್ಣು ತೆಗೆಯದೆ ಕೇಳಿದರು. ಹೂಂ ಅನ್ನಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಕಡೆ ಸ್ವಲ್ಪ ಬಗ್ಗಿದರು.

"ತಪ್ಪಾತು," ಎಂದರು.

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತೆ. ಅಳುತ್ತಿರುವಾಗಲೂ ಹೊಟ್ಟೆಕಿಚ್ಚು ಬಿಡಲಿಲ್ಲ, ಮೊದಲಿಗಿಂತ ಹೆಚ್ಚೇ ಆಯಿತು. ಈ ಮನುಷ್ಯನನ್ನು ನನ್ನ ಕಡೆ ತಿರುಗಿಸಲು ಒಂದು ಆಯುಷ್ಯ ಹೆಣಗಿದ್ದೆ. ಆ ಕೆಂಪು ಗಾಡಿ ಅದನ್ನು ಒಂದು ಹಿಡಿಕೆ ಎಳೆಯುವಷ್ಟರಲ್ಲಿ ಮಾಡಿ ಮುಗಿಸಿತ್ತು.