ಅಂಗೈ ಮೇಲೆ ಬರೆದ ಆರು ಅಕ್ಷರ

ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ನನಗೆ ಕೆಲಸವಿತ್ತು, ಆದರೂ ಕೆತ್ತಿದೆ. ಆ ಶನಿವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಒಂಬತ್ತನೇ ತರಗತಿಯ ಇತಿಹಾಸದ ಪ್ರಶ್ನೆಪತ್ರಿಕೆಯನ್ನು ಹೆಡ್‌ಮಾಸ್ಟರಿಗೆ ಕಳಿಸಬೇಕಿತ್ತು. ಇನ್ನು ನಾಲ್ಕೇ ಪ್ರಶ್ನೆ ಬಾಕಿ. ತಿಂಡಿ ತಿಂದು ಕೂತವಳಿಗೆ, ಮೊದಲು ಲ್ಯಾಪ್‌ಟಾಪನ್ನು ಅಪ್‌ಗ್ರೇಡ್ ಮಾಡಿಬಿಡೋಣ, ಹತ್ತು ನಿಮಿಷದ ಕೆಲಸ ಎಂಬ ದುರ್ಬುದ್ಧಿ ಬಂತು.

ನನಗೆ ಕಣ್ಣು ಕಾಣುವುದಿಲ್ಲ. ಹತ್ತನೇ ವಯಸ್ಸಿನವರೆಗೆ ಕಾಣುತ್ತಿತ್ತು, ಆಮೇಲೆ ಹೋಯಿತು. ನನ್ನ ಲ್ಯಾಪ್‌ಟಾಪನ್ನು ನಡೆಸುವುದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ಪರದೆಯ ಮೇಲೆ ಏನು ಬಂದರೂ ಮೂಗಿನಲ್ಲಿ ಮಾತಾಡುವ ಒಂದು ಗಂಡಸಿನ ಧ್ವನಿ ಅದನ್ನು ಓದಿ ಹೇಳುತ್ತದೆ. ಅದರ ವೇಗವನ್ನು ನನ್ನ ಕಿವಿಗೆ ತಕ್ಕಂತೆ ಹೆಚ್ಚಿಸಿಕೊಂಡಿದ್ದೇನೆ. ಬೇರೆಯವರಿಗೆ ಅದು ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕೇಳುತ್ತದಂತೆ.

ಆರು ವರ್ಷ ಪಾಠ ಮಾಡಿದ್ದರೂ ಸ್ಕೂಲಿನಲ್ಲಿ ಯಾರೂ ನನಗೆ ಪ್ರಶ್ನೆಪತ್ರಿಕೆ ತಯಾರಿಸಲು ಕೊಟ್ಟಿರಲಿಲ್ಲ. ‘ಪಾಪ, ನಿಮಗ್ಯಾಕೆ ತೊಂದರೆ’ ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಸಲ ಹಟ ಹಿಡಿದು, ಯಾರ ಸಹಾಯವೂ ಬೇಡ, ನಾನೊಬ್ಬಳೇ ಮಾಡುತ್ತೇನೆ ಎಂದು ಹೇಳಿ ಇಸಿದುಕೊಂಡಿದ್ದೆ. ತಪ್ಪಿದರೆ ಮತ್ತೆ ಕೇಳುವುದಕ್ಕೆ ನನಗೆ ಮುಖವಿರುತ್ತಿರಲಿಲ್ಲ.

ಅಪ್‌ಗ್ರೇಡ್ ಅರ್ಧ ಮುಗಿಯುವಷ್ಟರಲ್ಲಿ ಧ್ವನಿ ನಿಂತಿತು. ಹೊಸದು ಬರುವಾಗ ಹಳೆಯದು ಬಾಯಿ ಮುಚ್ಚುವುದು ಸಹಜ ಎಂದು ಕಾದೆ. ಅರ್ಧ ಗಂಟೆಯಾದರೂ ಸದ್ದಿಲ್ಲ. ತಾಳ್ಮೆ ನನ್ನ ಹಣೆಯಲ್ಲಿ ಬರೆದಿಲ್ಲ. ಕೆಟ್ಟು ಕೂತಿದೆ ಎಂದುಕೊಂಡು ಪವರ್ ಬಟನ್ ಒತ್ತಿ ಹಿಡಿದು ಆರಿಸಿಬಿಟ್ಟೆ. ಮತ್ತೆ ಹಾಕಿದರೆ ಪೂರ್ತಿ ಮೂಕ.

ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಲು ಒಂದು ಕಮ್ಯಾಂಡ್ ಇದೆ, ಅದು ನನಗೆ ಬಾಯಿಪಾಠ. ಪಾಸ್‌ವರ್ಡನ್ನೂ ಅದನ್ನೂ ಅಂದಾಜಿನ ಮೇಲೆ ಟೈಪ್ ಮಾಡಿದೆ. ಫ್ಯಾನು ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಸುಮ್ಮನಾಯಿತು. ಆರಿಸಿ ಮತ್ತೆ ಮಾಡಿದೆ, ಮತ್ತೆ ಅದೇ ಕತೆ. ಫೋನಿನ ಕ್ಯಾಮೆರಾ ಹಿಡಿದರೆ ಅದರ ಆ್ಯಪ್ ‘ಕಪ್ಪು ಪರದೆ, ಬಿಳಿ ಅಕ್ಷರಗಳು’ ಎಂದು ವರ್ಣಿಸಿತು. ಮಹೋಪಕಾರ! ಆಗಲೇ ಗಂಟೆ ಹನ್ನೆರಡೂವರೆ.

ಸಹೋದ್ಯೋಗಿಗಳಿಗೆ ಫೋನ್ ಮಾಡಿದರೆ ಸೋಮವಾರದ ಹೊತ್ತಿಗೆ ಸ್ಕೂಲಿಗೆಲ್ಲ ಸುದ್ದಿ. ಕೊನೆಗೆ ಮೆಟ್ಟಿಲಿಳಿದು ಕೆಳಗಿನ ಮನೆಯ ಓನರಮ್ಮನನ್ನು ಕರೆದೆ. ಸಿದ್ಧಾರ್ಥನಗರಕ್ಕೆ ಬಂದಾಗಿನಿಂದ ನಾನು ಅವರ ಬಾಡಿಗೆದಾರಳು, ಆದರೆ ಹೀಗೆ ಏನನ್ನೂ ಕೇಳಿದ್ದಿಲ್ಲ. ಹುಣಸೆಹಣ್ಣು ಕಿವುಚುತ್ತಿದ್ದವರು ಕೈ ತೊಳೆದುಕೊಂಡು ಬಂದರು.

“ಇಂಗ್ಲಿಷ್ ನಂಗೆಲ್ಲಿ ಬರುತ್ತೆ ಕಣಮ್ಮ? ನಾಕ್ನೇ ಕ್ಲಾಸ್‌ಗೇ ಸ್ಕೂಲ್ ಬುಟ್ಟೋಳು ನಾನು.”

“ಓದೋದು ಬೇಡ ಆಂಟಿ. ಕೊನೇ ಸಾಲಲ್ಲಿ ಕಾಣೋದನ್ನ ಹಾಗೇ ನನ್ನ ಅಂಗೈ ಮೇಲೆ ಬೆರಳಲ್ಲಿ ಬರೀರಿ, ಸಾಕು.”

“ಎಲ್ಲಾ ಸಣ್ಣ ಸಣ್ಣಕವೆ. ಕೊನೇಲಿ ಮಾತ್ರ ಒಂದಷ್ಟು ದೊಡ್ಡವು ಅವೆ, ಮಧ್ಯೆ ಮಧ್ಯೆ ಓರೆ ಗೆರೆ.”

“ಆ ದೊಡ್ಡವನ್ನೇ ಬರೀರಿ.”

ನನ್ನ ಕೈ ಹಿಡಿದು, ಉಸಿರು ಬಿಗಿಹಿಡಿದು ಶುರುಮಾಡಿದರು. ಮೊದಲು ಕವಲೊಡೆದ ಕೊಂಬೆ. ವೈ. ಆಮೇಲೆ ನೆಟ್ಟಗೆ ಒಂದು ಗೆರೆ. ಐ. ಮೂರನೆಯದಕ್ಕೆ ಕಚಗುಳಿಯಾಗಿ ನಾನು ನಕ್ಕುಬಿಟ್ಟೆ.

“ಸುಮ್ಕಿರಮ್ಮ, ಮರ್ತೋಯ್ತದೆ!” ಎಂದು ಗದರಿಸಿ ಮತ್ತೆ ಮೊದಲಿನಿಂದ ಬರೆದರು. ವೈ, ಐ, ಎನ್, ಓ, ಡಿ, ಜೆಡ್. ಚಿಕ್ಕಂದಿನಲ್ಲಿ ನೋಡಿದ್ದ ಅಕ್ಷರಗಳೆಲ್ಲ ಒಂದೊಂದಾಗಿ ಅಂಗೈಗೆ ಬಂದವು. ಯಾಕೋ ತುಂಬ ಸಂತೋಷವಾಯಿತು.

ಜೊತೆಗೆ ನಾಚಿಕೆಯೂ ಆಯಿತು. ಈ ಆರು ಅಕ್ಷರ ಒಟ್ಟಿಗೆ ಬರುವುದು ನಾವು ಬದಲಾಯಿಸಿಕೊಂಡ ಸೆಟ್ಟಿಂಗಿನ ಬಗ್ಗೆ ಅಪ್‌ಗ್ರೇಡ್ ಕೇಳುವ ಪ್ರಶ್ನೆಯ ಕೊನೆಯಲ್ಲಿ, ನಾನು ಬದಲಾಯಿಸಿಕೊಂಡಿದ್ದು ಧ್ವನಿಯದನ್ನು ಮಾತ್ರ. ವೈ ಎಂದರೆ ಹೌದು, ಎನ್ ಎಂದರೆ ಬೇಡ. ಲ್ಯಾಪ್‌ಟಾಪ್ ಕೆಟ್ಟಿರಲೇ ಇಲ್ಲ. ಧ್ವನಿಯ ಸೆಟ್ಟಿಂಗನ್ನು ನೀನು ಬದಲಾಯಿಸಿಕೊಂಡಿದ್ದೀಯ, ಅದರ ಬದಲು ಹೊಸದನ್ನು ಹಾಕಲೇ ಎಂದು ಕೇಳಿ, ಉತ್ತರಕ್ಕೆ ಕಾಯುತ್ತಿತ್ತು. ಬೆಳಿಗ್ಗೆಯಿಂದ ಅದೇ ಪ್ರಶ್ನೆಯನ್ನು ಬಾಯಿಲ್ಲದೆ ಕೇಳಿತ್ತು, ನಾನು ಪ್ರತಿ ಸಲವೂ ಅದರ ಕತ್ತು ಹಿಸುಕಿದ್ದೆ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ಮಕ್ಕಳನ್ನು ಬೈಯುವ ಟೀಚರು ನಾನು.

ಎನ್ ಒತ್ತಿದೆ, ಎಂಟರ್ ಒತ್ತಿದೆ.

“ಹೊರಟ್ಬುಡ್ತು ಕಣಮ್ಮ! ಸಾಲೆಲ್ಲ ಮೇಲಕ್ಕೆ ಓಡ್ತಾ ಅವೆ!” ಓನರಮ್ಮ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಓಟ ನಿಂತ ಮೇಲೆ ರೀಸ್ಟಾರ್ಟ್ ಮಾಡಿದೆ. ಮೂಗಿನ ಧ್ವನಿ ಹಳೆಯ ವೇಗದಲ್ಲೇ ವಟಗುಟ್ಟತೊಡಗಿತು.

“ಬಂದ್ಬುಟ್ನಾ ಪುಣ್ಯಾತ್ಮ? ಬೆಳಗ್ಗಿಂದ ಮನೆ ತಣ್ಣಗಿತ್ತು,” ಎಂದು ನಗುತ್ತ ಅವರು ಸಾರಿನ ಕಡೆ ಓಡಿದರು. ನಾನು ಉಳಿದ ನಾಲ್ಕು ಪ್ರಶ್ನೆ ಬರೆದು, ಎರಡು ಸಲ ಕೇಳಿಸಿಕೊಂಡು, ಎರಡು ಮುಕ್ಕಾಲಿಗೆ ಕಳಿಸಿದೆ.

ಸಂಜೆ ಹೆಡ್‌ಮಾಸ್ಟರ್ ಫೋನ್ ಮಾಡಿದರು. “ಪೇಪರ್ ಚೆನ್ನಾಗಿದೆ ಮೇಡಮ್. ಯಾರಾದ್ರೂ ಸಹಾಯ ಮಾಡಿದ್ರಾ?”

‘ಇಲ್ಲ’ ಎನ್ನುವುದು ನಾಲಿಗೆ ತುದಿಯಲ್ಲಿತ್ತು. ಆದರೆ ಹಾಗೆಂದರೆ ಓನರಮ್ಮನಿಗೆ ದ್ರೋಹ. “ಹೌದು ಸರ್, ನಮ್ಮ ಮನೆ ಓನರ್ ಮಾಡಿದ್ರು,” ಎಂದೆ.

ಅವರಿಗೆ ಗಾಬರಿಯಾಯಿತು. “ಪ್ರಶ್ನೆಗಳನ್ನ ನೋಡ್ಬಿಟ್ರಾ?”

“ಇಲ್ಲ ಸರ್. ಬರೀ ಆರು ಅಕ್ಷರ ನೋಡಿದ್ರು,” ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಜೋರಾಗಿ ನಕ್ಕರು. ನಕ್ಕು ಮುಗಿಸಿ, “ಹಾಗಾದ್ರೆ ಹತ್ತನೇ ಕ್ಲಾಸಿಂದೂ ನೀವೇ ಮಾಡ್ಬಿಡಿ ಮೇಡಮ್,” ಎಂದರು.

ಸಹಾಯ ಪಡೆದೆ ಎಂದು ಒಪ್ಪಿಕೊಂಡರೆ ಕೈಯಲ್ಲಿದ್ದ ಕೆಲಸವನ್ನೂ ಕಿತ್ತುಕೊಳ್ಳುತ್ತಾರೆ ಎಂದು ಆರು ವರ್ಷ ಹೆದರಿಕೊಂಡೇ ಬದುಕಿದ್ದೆ. ಒಪ್ಪಿಕೊಂಡ ದಿನ ಇನ್ನೊಂದು ಕೊಟ್ಟರು.