ಮುನಿಯಮ್ಮನವರ ಟೆಸ್ಟ್ ರೈಡ್

ಸ್ನೇಹಿತರೇ, ಇವತ್ತು ಎಲೆಕ್ಟ್ರಿಕ್ ಸ್ಕೂಟರ್ ಬುಕ್ ಮಾಡಿಯೇಬಿಟ್ಟೆ! ಆದರೆ ಆರಿಸಿದ್ದು ನಾನಲ್ಲ, ನಮ್ಮ ಮನೆ ಓನರ್ ಮುನಿಯಮ್ಮ.

ಕಾಡುಗೋಡಿಯ ಶೋರೂಮಿನಲ್ಲಿ ಎರಡು ಸ್ಕೂಟರ್ ನಿಂತಿದ್ದವು. ನನ್ನ ಮನಸ್ಸೆಲ್ಲ ಕೆಂಪು ಸ್ಕೂಟರಿನ ಮೇಲೆ. ಒಳ್ಳೆಯ ವೇಗ. ಆದರೆ ಅದರ ಬ್ಯಾಟರಿ ಹೊರಗೆ ಬರುವುದಿಲ್ಲ, ಚಾರ್ಜ್ ಮಾಡಲು ಮನೆಯ ಕೆಳಗೇ ಪ್ಲಗ್ ಪಾಯಿಂಟ್ ಬೇಕು. ಬಿಳಿಯದು ನಿಧಾನ, ಆದರೆ ಬ್ಯಾಟರಿಯನ್ನು ಬಿಚ್ಚಿ ಮೂರನೇ ಮಹಡಿಯ ನನ್ನ ರೂಮಿಗೆ ಹೊತ್ತೊಯ್ಯಬಹುದು.

"ಪಾಯಿಂಟು ಗೀಯಿಂಟು ಆಗಕಿಲ್ಲ ಕಣಮ್ಮ, ಬಿಳೀದೇ ತಗೋ" ಎಂದರು ಮುನಿಯಮ್ಮ. ಅದನ್ನು ಹೇಳಲೆಂದೇ ಪಟ್ಟಂದೂರು ಅಗ್ರಹಾರದಿಂದ ನನ್ನ ಜೊತೆ ಬಂದಿದ್ದರು.

ಆ ಬ್ಯಾಟರಿ ಎತ್ತಿ ನೋಡಿದೆ. ತುಂಬಿದ ಬಿಂದಿಗೆಯಷ್ಟು ಭಾರ!

"ಟೆಸ್ಟ್ ರೈಡ್ ಆದ್ರೂ ಮಾಡ್ತೀನಿ ಆಂಟಿ, ನೀವೂ ಕೂತ್ಕೊಳಿ" ಎಂದು ಅವರಿಗೂ ಹೆಲ್ಮೆಟ್ ಹಾಕಿ, ಕೆಂಪು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಮೆಟ್ರೊ ಕಂಬಗಳ ಪಕ್ಕದಲ್ಲಿ ಸದ್ದೇ ಇಲ್ಲದೆ ಹಾರಿದಂತಾಯಿತು. ಹಿಂದಿನಿಂದ ಜೋರಾಗಿ ಕಿರುಚಿದ್ದು ಕೇಳಿ, ಗಾಬರಿಯಿಂದ ಬದಿಗೆ ನಿಲ್ಲಿಸಿ ತಿರುಗಿ ನೋಡಿದರೆ ಮುನಿಯಮ್ಮನ ಮುಖದ ತುಂಬ ನಗು.

"ಯಾಕ್ ನಿಲ್ಲುಸ್ದೆ? ಓಗು, ಇನ್ನೊಂದ್ ರೌಂಡ್ ಓಗು!"

ವಾಪಸ್ ಬಂದಾಗ ಸೇಲ್ಸ್‌ನವರು "ಯಾವ್ದು ಫೈನಲ್ ಮೇಡಂ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮುನಿಯಮ್ಮ ಉತ್ತರಿಸಿದರು: "ಕೆಂಪುದ್ನೇ ಬರ್ಕೊಳಿ ಸಾರ್. ಪಾಯಿಂಟ್ ನಾಳೇನೇ ಆಕುಸ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ದಿನಾ ಆಫೀಸಿಗೆ ಓಗೋವಾಗ ನನ್ನ ಮಾರ್ಕೆಟ್‌ಗೆ ಬುಟ್ಟು ಓಗ್ಬೇಕು, ಆಯ್ತಾ?"

ಗಾಡಿ ಇನ್ನೂ ಕೈಗೆ ಬಂದಿಲ್ಲ, ನನಗಾಗಲೇ ಡ್ರೈವರ್ ಕೆಲಸ ಸಿಕ್ಕಿದೆ.