ಕೈ ಅಡ್ಡ ಹಾಕುವವಳು

ದೇವನಹಳ್ಳಿಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ನಾನು ಪಾಠ ಹೇಳ್ತೀನಿ. ಸ್ಟೇರಿಂಗ್ ಹಿಡಿಯೋದನ್ನ ಯಾರಿಗೆ ಬೇಕಾದ್ರೂ ಕಲಿಸಬಹುದು, ಕಾಯ್ದೆ ಕಲಿಸೋದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಹೆಲ್ಮೆಟ್ ಇಲ್ಲದಿದ್ರೆ ದಂಡ ಕಟ್ಟಿ ಮುಗೀತು ಅಂದ್ಕೋಬೇಡಿ, ಲೈಸೆನ್ಸೇ ಮೂರು ತಿಂಗಳು ಅಮಾನತಾಗಬಹುದು. ಹಿಂದೆ ಕೂತೋರಿಗೂ ಹೆಲ್ಮೆಟ್ ಬೇಕು. ಹದಿನೆಂಟು ತುಂಬದ ಮಗನ ಕೈಗೆ ಗಾಡಿ ಕೊಟ್ರೆ ಜೈಲು ನೋಡಬೇಕಾದೋನು ಅಪ್ಪ. ಇಲ್ಲಿವರೆಗೆ ಎಲ್ಲರ ಕಿವಿ ನೆಟ್ಟಗಿರುತ್ತೆ. ಅಪಘಾತದಲ್ಲಿ ಬಿದ್ದೋರನ್ನ ಆಸ್ಪತ್ರೆಗೆ ಸೇರಿಸಿದೋರ ಮೇಲೆ ಈಗ ಕೇಸ್ ಹಾಕೋ ಹಾಗಿಲ್ಲ, ಸಾಕ್ಷಿ ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ, ಇಷ್ಟ ಇಲ್ಲದಿದ್ರೆ ಹೆಸರೂ ಹೇಳಬೇಕಾಗಿಲ್ಲ ಅನ್ನೋ ಹೊತ್ತಿಗೆ ಎಲ್ಲರೂ ಫೋನ್ ತೆಗೀತಾರೆ. ಅದರಲ್ಲಿ ದಂಡ ಇಲ್ವಲ್ಲ, ಯಾರಿಗೆ ಬೇಕು!

ನಮ್ಮ ಮನೆ ಕುಂದಾಣದ ಕಡೆ. ಅಲ್ಲಿಂದ ಬರೋ ದಾರಿಯಲ್ಲಿ ಒಂದು ಕೆರೆ ಏರಿ, ಏರಿ ಮುಗಿಯೋ ತಿರುವಿನಲ್ಲಿ ಒಂದು ಹುಣಸೆ ಮರ. ನಾನು ಈ ಊರಿಗೆ ಸೊಸೆಯಾಗಿ ಬರೋದಕ್ಕೆ ಮುಂಚೆ ಯಾರೋ ಹೆಂಗಸು ಅಲ್ಲಿ ಗಾಡಿಗೆ ಸಿಕ್ಕಿ ಸತ್ತಿದ್ಲಂತೆ. ಮಂಜು ಬಿದ್ದ ಬೆಳಿಗ್ಗೆ ಅವಳು ಮರದ ಕೆಳಗಿಂದ ಕೈ ಅಡ್ಡ ಹಾಕ್ತಾಳೆ, ನಿಲ್ಲಿಸಿದೋನು ಕೆಟ್ಟ ಅನ್ನೋದು ಸುತ್ತಲ ಊರಿನ ಡ್ರೈವರುಗಳ ನಂಬಿಕೆ. ಅದಕ್ಕೇ ತಿರುವು ಬರ್ತಿದ್ದ ಹಾಗೆ ಮೂರು ಸಲ ಹಾರ್ನ್ ಹೊಡೀತಾರೆ, ನಿಂಬೆಹಣ್ಣೋ ಚಿಲ್ಲರೆಯೋ ಎಸೀತಾರೆ, ತಿರುಗಿ ನೋಡದೆ ಹೋಗ್ತಾರೆ. ನನ್ನ ಶಿಷ್ಯರೂ ಹೊಡೆಯೋರು. ಸುಮ್ಮಸುಮ್ಮನೆ ಹಾರ್ನ್ ಯಾಕ್ರೋ ಅಂತ ಬೈದು ಬೈದು ನನ್ನ ಗಂಟಲು ಕಟ್ಟಿತ್ತು.

ಹುರುಳಿ ಕೊಯ್ಲಿನ ಕಾಲ. ಅತ್ತೆಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಬೇಕಿತ್ತು, ಬೆಳಿಗ್ಗೆ ಬೆಳಿಗ್ಗೆನೇ ಸ್ಕೂಟರಿನಲ್ಲಿ ಹೊರಟ್ವಿ. ಹೆಲ್ಮೆಟ್ ಹಾಕಿಸೋದಕ್ಕೇ ದೊಡ್ಡ ಜಗಳ. "ತಲೆ ಮೇಲೆ ಬಿಂದಿಗೆ ಕವುಚ್ಕೊಂಡ ಹಾಗೈತೆ, ನಿನ್ನ ಕಾಯ್ದೆ ನಿನ್ನ ಶಿಷ್ಯರಿಗೇ ಇಟ್ಕೋ ಹೋಗೇ" ಅಂದ್ರು. ನಾನು ಬಿಡಲಿಲ್ಲ.

ಏರಿ ಮೇಲೆ ಮಂಜು ಎಷ್ಟಿತ್ತು ಅಂದ್ರೆ ನೀರು ಯಾವ ಕಡೆ, ಗದ್ದೆ ಯಾವ ಕಡೆ ಗೊತ್ತಾಗ್ತಿರಲಿಲ್ಲ. ನಮ್ಮ ಕಡೆ ರೈತರಿಗೆ ಟಾರು ರಸ್ತೆನೇ ಕಣ. ಹುರುಳಿ ಗಿಡ ತಂದು ರಸ್ತೆಗೆ ಹರಡಿಬಿಡ್ತಾರೆ, ಗಾಡಿಗಳ ಚಕ್ರವೇ ಒಕ್ಕಣೆ ಮಾಡುತ್ತೆ. ಅವತ್ತು ತಿರುವಿನಲ್ಲೇ ಹರಡಿದ್ರು, ಇಬ್ಬನಿಗೆ ನೆನೆದು ಸೋಪಿನ ಹಾಗೆ ಜಾರ್ತಿತ್ತು. ಬ್ರೇಕ್ ಹಿಡಿದಿದ್ದಷ್ಟೇ ನನಗೆ ನೆನಪು.

ಕಣ್ಣು ಬಿಟ್ಟಾಗ ಅತ್ತೆ ಮರದ ಬುಡದಲ್ಲಿ ಬಿದ್ದಿದ್ರು. ಹೆಲ್ಮೆಟ್ ಒಡೆದಿತ್ತು, ತಲೆಗೆ ಏನೂ ಆಗಿರಲಿಲ್ಲ. ಆದರೆ ಮೀನಖಂಡ ಸೀಳಿ ರಕ್ತ ಬುಳುಬುಳು ಬರ್ತಿತ್ತು. ನನ್ನ ಬಲ ಭುಜ ಮುರಿದು ಕೈ ಜೋತಾಡ್ತಿತ್ತು, ಫೋನ್ ಹಾರಿ ಕೆರೆ ಕಡೆಗೆ ಹೋಗಿತ್ತು. ನನ್ನ ಹೆಲ್ಮೆಟ್ ಕಿತ್ತೆಸೆದೆ. ಒಂದೇ ಕೈ, ಮತ್ತೆ ಹಲ್ಲು. ಅದರಲ್ಲೇ ಸೆರಗು ಹರಿದು ಅವರ ಕಾಲಿಗೆ ಬಿಗಿದೆ. ನೋಡ್ತಿದ್ದ ಹಾಗೇ ಬಟ್ಟೆ ಕೆಂಪಾಯ್ತು.

ದೂರದಲ್ಲಿ ಹಾರ್ನ್ ಕೇಳಿಸ್ತು. ಒಂದು, ಎರಡು, ಮೂರು. ಅಬ್ಬಾ, ಬಂದ್ರಪ್ಪ ಅಂತ ಎದ್ದು ನಿಂತು ಎಡಗೈ ಎತ್ತಿದೆ. ಮಂಜಿನೊಳಗಿಂದ ಎರಡು ದೀಪ ಬಂದವು, ನನ್ನ ಮೇಲೆ ಬಿದ್ದವು, ಮತ್ತೆ ವೇಗ ಹೆಚ್ಚಿಸ್ಕೊಂಡು ಹೋದವು. ಏನೋ ಟಪ್ ಅಂತ ಬಿತ್ತು. ಒಂದು ನಿಂಬೆಹಣ್ಣು ಉರುಳ್ಕೊಂಡು ಬಂದು ಅತ್ತೆಯ ಪಾದಕ್ಕೆ ತಾಗಿ ನಿಂತಿತು.

ಆಗ ನನಗೆ ಅರ್ಥ ಆಯ್ತು. ಕೂದಲು ಬಿಚ್ಚಿಹೋಗಿ, ಸೆರಗಿಲ್ಲದೆ, ಮೈಯೆಲ್ಲ ರಕ್ತ ಮಾಡ್ಕೊಂಡು ಆ ಮರದ ಕೆಳಗೆ ಕೈ ಅಡ್ಡ ಹಾಕ್ತಿದ್ದೋಳು ನಾನೇ!

ಮತ್ತೆ ಮೂರು ಹಾರ್ನ್. ಈ ಸಲ ಚಿಲ್ಲರೆ ಕಾಸು ನನ್ನ ಮುಖಕ್ಕೇ ಬಡೀತು. ಆಮೇಲೆ ಒಂದು ಕಾರು ನಿಧಾನವಾಗಿ ಬಂತು. ಕಿಟಕಿಯಲ್ಲಿ ನನ್ನ ವಯಸ್ಸಿನ ಹೆಂಗಸು. ನನ್ನ ಕಣ್ಣನ್ನೇ ನೋಡಿದಳು. "ಅಕ್ಕಾ, ನಿಲ್ಸಿ ಅಕ್ಕಾ" ಅಂದೆ. ಅವಳು ತಾಳಿ ಕಣ್ಣಿಗೊತ್ತಿಕೊಂಡು ಗಾಜು ಏರಿಸಿದಳು.

ಅದಾದ ಮೇಲೆ ಏನೂ ಬರಲಿಲ್ಲ. ಒಂದು ಹಕ್ಕಿಯೂ ಕೂಗಲಿಲ್ಲ. ಅತ್ತೆಯ ಕೈ ಹಿಡಿದೆ, ಮಂಜುಗಡ್ಡೆ ಹಾಗಿತ್ತು. ಅವರು ನನ್ನ ಪಕ್ಕದಲ್ಲಿ ಯಾರನ್ನೋ ನೋಡ್ತಾ, "ಪಾಪ, ಈಯಮ್ಮನೂ ನಡುಗ್ತಾವ್ಳೆ, ಏನಾದ್ರೂ ಹೊದಿಸೇ" ಅಂದ್ರು. ನನ್ನ ಪಕ್ಕದಲ್ಲಿ ಯಾರಿದ್ರು? ನಾನು ಆ ಕಡೆ ತಿರುಗಿ ನೋಡಲಿಲ್ಲ, ಸತ್ಯವಾಗಿ ಧೈರ್ಯ ಬರಲಿಲ್ಲ. ನಾವಿಬ್ಬರೂ ಬಿದ್ದಾಗಲೇ ಸತ್ತುಹೋಗಿದ್ದೀವಾ, ನಮಗೇ ಗೊತ್ತಾಗಿಲ್ವಾ ಅನ್ನಿಸ್ತು. ಮುರಿದ ಭುಜವನ್ನ ಬೇಕಂತಲೇ ಅಮುಕಿ ನೋಡ್ಕೊಂಡೆ. ಪ್ರಾಣ ಹೋಗೋಷ್ಟು ನೋವಾಯ್ತು. ಅಷ್ಟು ಸಮಾಧಾನ ನನಗೆ ಯಾವ ನೋವೂ ಕೊಟ್ಟಿಲ್ಲ.

ಮತ್ತೆ ಮೂರು ಹಾರ್ನ್ ಕೇಳಿದಾಗ ಹೆದರಿಕೆ ಹೋಗಿ ಸಿಟ್ಟು ಬಂತು. ರಸ್ತೆ ಮಧ್ಯಕ್ಕೇ ಹೋಗಿ ನಿಂತೆ. ಹಾಲಿನ ಟೆಂಪೋ ನನ್ನನ್ನ ಬಳಸ್ಕೊಂಡು ಪಕ್ಕದಲ್ಲೇ ಹೋಯ್ತು.

"ನಿಮ್ಮ ಮನೆ ಹಾಳಾಗ! ನಿಲ್ಸಿದ್ರೆ ಕೇಸ್ ಆಗಲ್ಲ ಕಣ್ರೋ! ಕಾಯ್ದೆ ಬದಲಾಗಿದೆ! ಸ್ಟೇಷನ್ನಿಗೆ ಕರೆಯೋ ಹಾಗಿಲ್ಲ, ಸಾಕ್ಷಿಗೆ ಎಳೆಯೋ ಹಾಗಿಲ್ಲ, ಹೆಸರೂ ಕೇಳೋ ಹಾಗಿಲ್ಲ!" ಕ್ಲಾಸಿನಲ್ಲಿ ಹೇಳೋ ಪಾಠವನ್ನೆಲ್ಲ ಅಳ್ತಾ ಕಿರುಚಿದೆ.

ಮಂಜಿನೊಳಗೆ ಬ್ರೇಕ್ ದೀಪ ಕೆಂಪಗೆ ಹತ್ತಿತು. ಟೆಂಪೋ ಹಿಂದಕ್ಕೆ ಬಂತು. ನರೆತ ಗಡ್ಡದ ಡ್ರೈವರು ಇಳಿದು, ಮೊದಲು ನನ್ನ ಪಾದ ನೋಡಿದರು, ಆಮೇಲೆ ಅತ್ತೆಯನ್ನ. "ಗಾಳಿ ದೆವ್ವ ಎಲ್ಲಾದ್ರೂ ಕಾಯ್ದೆ ಮಾತಾಡುತ್ತಾ ತಾಯಿ, ಅದಕ್ಕೇ ನಿಲ್ಸಿದೆ" ಅಂತ ಕ್ಯಾನುಗಳನ್ನ ಸರಿಸಿ ಅತ್ತೆಯನ್ನ ಎತ್ತಿ ಮಲಗಿಸಿದರು.

ದೇವನಹಳ್ಳಿ ಆಸ್ಪತ್ರೆಯಲ್ಲಿ ಅತ್ತೆಗೆ ರಕ್ತ ಕೊಟ್ಟು ಕಾಲು ಹೊಲಿದರು. ಇನ್ನೊಂಚೂರು ತಡ ಆಗಿದ್ರೆ ಕಷ್ಟ ಇತ್ತು, ಈಗ ಭಯ ಇಲ್ಲ ಅಂದ್ರು ಡಾಕ್ಟರು. ಕೈಗೆ ಪಟ್ಟಿ ಕಟ್ಟಿಸ್ಕೊಂಡು ಹೊರಗೆ ಓಡಿದೆ. ಡ್ರೈವರು ಟೆಂಪೋ ಪಕ್ಕ ನಿಂತಿದ್ರು, ಬೀಡಿ ಹಚ್ಚೋಕೆ ಹೋಗ್ತಿದ್ರು.

"ಹೆಸರು ಬರೆಸ್ಬೇಕಾ ತಾಯಿ?"

"ಬೇಡ ಅಣ್ಣಾ. ನೀವು ದೇವರು ಬಂದ ಹಾಗೆ ಬಂದ್ರಿ. ಅತ್ತೆ ಉಳ್ಕೊಂಡ್ರು."

ಅವರು ತಲೆ ಎತ್ತಲಿಲ್ಲ. "ಆಗ ಈ ಕಾಯ್ದೆ ಇರಲಿಲ್ಲ. ಆಸ್ಪತ್ರೆಗೆ ತಂದೋನ್ನೇ ಹಿಡಿದು ಕೂರಿಸ್ಕೊಳ್ಳೋರು."

"ಯಾವಾಗ?"

"ಆಯಮ್ಮ ಬಿದ್ದಾಗ. ಹಿಂಗೇ ಮಂಜು. ಮರದ ಕೆಳಗೆ ಕೈ ಅಡ್ಡ ಹಾಕಿದ್ಲು, ಮೈಯೆಲ್ಲ ರಕ್ತ. ನಾನು ನಿಲ್ಸಲಿಲ್ಲ. ಡೈರಿ ಹತ್ರ ಹೋಗಿ, ಯಾಕೆ ನಿಲ್ಸಲಿಲ್ಲ ಅಂತ ಯಾರಾದ್ರೂ ಕೇಳಿದ್ರೆ ಅಂತ ಹೆದರ್ಕೊಂಡು, ಅಲ್ಲಿ ಯಾವುದೋ ಗಾಳಿ ಕೈ ಅಡ್ಡ ಹಾಕ್ತು ಅಂದ್ಬಿಟ್ಟೆ. ನನ್ನ ಹಿಂದೆ ಬಂದೋರೆಲ್ಲ ಹೌದೌದು, ನಮಗೂ ಕಾಣಿಸ್ತು ಅಂದ್ರು."

"ಅಂದ್ರೆ, ಆಗ ಅವಳು ಬದುಕಿದ್ಲಾ?"

"ಹಾಲು ಇಳಿಸಿ ವಾಪಸ್ ಬರುವಾಗ ಬಿಸಿಲು ಬಂದಿತ್ತು ತಾಯಿ" ಅಂದರು. "ಆಗ್ಲೂ ಅವಳ ಕೈ ಆಡ್ತಿತ್ತು."